‘ನಮ್ಮ ಮನಿತನದಾಗ ಯಾರಿಗೂ ಇಲ್ರಿ’

ಗೂಗಲ್‌ನಂಥ ಕೃಷ್ಣಾ ದಂಡೆಯ ಊರುಗಳಲ್ಲಿ, ದೇವದುರ್ಗ, ಮಾನ್ವಿ ಕಡೆ ಮದುವೆ ಮಾತು ಎದ್ದರೆ ಹಿರಿಯರು ಕೇಳುವುದು ಇದನ್ನೇ: ‘ಅಕ್ಕನ ಮಗಳು ಮನ್ಯಾಗ ಇರಾಕ ಹೊರಗಿನ ಹೆಣ್ಣು ಯಾಕ?’ ಹೊಲ ಒಡೆಯುವುದಿಲ್ಲ, ಹುಡುಗಿ ಗೊತ್ತಿದ್ದವಳು, ಅತ್ತೆಯೂ ಅಜ್ಜಿಯೂ ಒಬ್ಬಳೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ ಹೆಂಗಸರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರದು ಸಂಬಂಧದೊಳಗಿನ ಮದುವೆ.

ಇಂಥ ಮನೆಯಲ್ಲಿ ಹುಟ್ಟಿದ ಕೂಸಿಗೆ ನಾಲ್ಕು ತಿಂಗಳಾದರೂ ಕುತ್ತಿಗೆ ನಿಂತಿಲ್ಲ, ಕಾಲು ಬಡಿಯುವುದಿಲ್ಲ, ಅಳುವ ದನಿಯೂ ಸಣ್ಣದು ಎಂದಿಟ್ಟುಕೊಳ್ಳಿ. ಕಣ್ಣು ಮಾತ್ರ ಚುರುಕು, ಅವ್ವನನ್ನು ನೋಡಿದರೆ ನಗುತ್ತದೆ. ‘ಕೆಲವು ಕೂಸಿಗೆ ತಡ ಆಗ್ತದ ಬಿಡ್ರಿ’ ಎಂದು ಕೂರುವ ಹೊತ್ತು ಇದಲ್ಲ. ಇದು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಅಂದರೆ ಎಸ್‌ಎಂಎ ಇರಬಹುದು.

ಸ್ನಾಯುಗಳಿಗೆ ‘ಅಲುಗು’ ಎಂದು ಅಪ್ಪಣೆ ಕೊಡುವುದು ಬೆನ್ನುಹುರಿಯ ಮೋಟಾರ್ ನ್ಯೂರಾನ್ ಎಂಬ ನರಕೋಶಗಳು. ಅವು ಉಳಿಯಲು ಬೇಕಾದ ಪ್ರೋಟೀನು ಎಸ್‌ಎಂಎನ್1 ಎಂಬ ಜೀನಿನಿಂದ ತಯಾರಾಗುತ್ತದೆ. 1995ರಲ್ಲಿ ಪತ್ತೆಯಾದ ಈ ಜೀನಿನ ಒಂದು ಪ್ರತಿ ತಾಯಿಯಿಂದ, ಒಂದು ತಂದೆಯಿಂದ ಬರುತ್ತದೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರು ಹೊಲದಲ್ಲಿ ದುಡಿದು, ಎಂಬತ್ತು ವರ್ಷ ಬಾಳಿ ಹೋಗಿರುತ್ತಾರೆ. ತಾವು ವಾಹಕರೆಂದು ಅವರಿಗೂ ಗೊತ್ತಿರುವುದಿಲ್ಲ. ‘ನಮ್ಮ ಮನಿತನದಾಗ ಯಾರಿಗೂ ಈ ಬ್ಯಾನಿ ಇಲ್ರಿ’ ಎಂಬ ಮಾತು ಸುಳ್ಳಲ್ಲ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಸ್ವಲ್ಪ ಲೆಕ್ಕ ನೋಡಿ. ಹೊರಗಿನ ಹೆಣ್ಣು ಎಸ್‌ಎಂಎ ವಾಹಕಳಾಗಿರುವ ಸಾಧ್ಯತೆ ಅಂದಾಜು ಐವತ್ತಕ್ಕೆ ಒಂದು. ಹುಡುಗ ವಾಹಕನಾಗಿದ್ದರೆ, ಸೋದರಮಾವನ ಮಗಳೂ ವಾಹಕಳಾಗಿರುವ ಸಾಧ್ಯತೆ ಎಂಟಕ್ಕೆ ಒಂದು. ಅಕ್ಕನ ಮಗಳಾದರೆ ನಾಲ್ಕಕ್ಕೆ ಒಂದು! ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ಶೇ 25. ಮೊದಲ ಕೂಸಿಗೆ ಬಂತು, ಇನ್ನು ಮೂರಕ್ಕೆ ಚಿಂತೆ ಇಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ; ಅದು ತಪ್ಪು. ಸೊಸೆಯ ಮೇಲೆ ಹೊರಿಸುವುದು ಅದಕ್ಕಿಂತ ದೊಡ್ಡ ತಪ್ಪು. ಕೆಟ್ಟ ಪ್ರತಿ ಇಬ್ಬರಿಂದಲೂ ಬಂದಿರುತ್ತದೆ.

ದೊಡ್ಡವರಲ್ಲಿ ಕಾಣುವ ಎಎಲ್‌ಎಸ್ ಎಂಬ ಮೋಟಾರ್ ನ್ಯೂರಾನ್ ಕಾಯಿಲೆಯ ದಾರಿ ಬೇರೆ. ಅದರಲ್ಲಿ ಹತ್ತಕ್ಕೆ ಒಂದರಷ್ಟು ಮಾತ್ರ ವಂಶದಲ್ಲಿ ಬರುವಂಥದ್ದು. ಅಲ್ಲಿ ಸಾಮಾನ್ಯವಾಗಿ ಒಂದೇ ಕೆಟ್ಟ ಪ್ರತಿ ಸಾಕು, ಸಂಬಂಧದ ಮದುವೆಯೇ ಬೇಕೆಂದಿಲ್ಲ.

ಎಸ್‌ಎಂಎ ಪತ್ತೆಗೆ ರಕ್ತದ ಡಿಎನ್‌ಎ ಪರೀಕ್ಷೆ ಇದೆ. 16 ಕೋಟಿಯ ಇಂಜೆಕ್ಷನ್ನಿನ ಸುದ್ದಿ ಎಲ್ಲರೂ ಓದಿದ್ದೇವೆ. ದಿನಾ ಬಾಯಿಂದ ಕೊಡುವ ರಿಸ್ಡಿಪ್ಲಾಂ ಔಷಧವೂ ಭಾರತದಲ್ಲಿದೆ, ಅದೂ ದುಬಾರಿಯೇ. ಬೇಗ ಶುರುಮಾಡಿದಷ್ಟೂ ಫಲ ಹೆಚ್ಚು. ಕೇಂದ್ರ ಸರ್ಕಾರದ ಅಪರೂಪದ ಕಾಯಿಲೆಗಳ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಇದಕ್ಕೆ ಗೊತ್ತುಮಾಡಿದ ಕೇಂದ್ರಗಳಲ್ಲಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೂ ಹೈದರಾಬಾದಿನ ನಿಮ್ಸ್ ಕೂಡ ಇವೆ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ.

ಕೂಸನ್ನು ಕಳೆದುಕೊಂಡ ದಂಪತಿ ಮುಂದಿನ ಬಸಿರಿಗೆ ಮೊದಲೇ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇಬ್ಬರೂ ವಾಹಕರೆಂದು ಗೊತ್ತಾದರೆ, ಬಸಿರಿನ 11ನೇ ವಾರ ದಾಟಿದ ಮೇಲೆ ಮಾಸದ ಚೂರು ತೆಗೆದು ನೋಡಬಹುದು. ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. ಗಂಡೋ ಹೆಣ್ಣೋ ಎಂಬುದನ್ನು ಮಾತ್ರ ಹೇಳುವುದಿಲ್ಲ.