ಪಿಕಪ್ಪಿಗೊಂದು ಮೆಟ್ಟಿಲು: ಹತ್ತಲಿಕ್ಕೆ, ನೇತಾಡಲಿಕ್ಕಲ್ಲ

ಬಜಪೆ ಪದವಿನಲ್ಲಿ ನನ್ನದು ಬೆಟ್ಟು ಜಾಗದ ಬೇಸಾಯ. ಬಾವಿ ನೀರು ಮನೆಗೆ ಮಾತ್ರ, ಬೆಳೆಗೆ ಮಳೆಯೇ ಗತಿ. ಮಳೆಗಾಲದಲ್ಲಿ ಬೆಂಡೆ, ಹೀರೆ, ಮುಳ್ಳುಸೌತೆ. ಬೇಸಿಗೆಯಲ್ಲಿ ಗುಡ್ಡೆಯ ಗೇರುಬೀಜ. ಗೊಬ್ಬರ ತರಲಿಕ್ಕೂ ತರಕಾರಿಯನ್ನು ಮಂಗಳೂರಿಗೆ ಮುಟ್ಟಿಸಲಿಕ್ಕೂ ಒಂದು ಹಳೆಯ ಪಿಕಪ್ ಇಟ್ಟುಕೊಂಡಿದ್ದೇನೆ. ಗಾಡಿ ಒಳ್ಳೆಯದೇ. ಆದರೆ ಒಂದು ಬಂಗ ಉಂಟು. ಅದು ಹತ್ತಿ ಇಳಿಯುವುದು.

ಟೇಪು ಹಿಡಿದು ನೋಡಿದೆ. ನೆಲದಿಂದ ಬಾಗಿಲಿನ ಹೊಸ್ತಿಲಿಗೆ 26 ಇಂಚು. ನಮ್ಮ ಮನೆ ಜಗಲಿಯ ಒಂದು ಮೆಟ್ಟಿಲು 7 ಇಂಚು. ಅಂದರೆ ಹೆಚ್ಚುಕಡಿಮೆ ನಾಲ್ಕು ಮೆಟ್ಟಿಲನ್ನು ಒಂದೇ ಹೆಜ್ಜೆಯಲ್ಲಿ ಹತ್ತಿದ ಹಾಗೆ. ಎಂಬತ್ತು ದಾಟಿದ ನನ್ನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಸ್ಟೂಲು ಇಡಬೇಕಾಗುತ್ತಿತ್ತು. ಸೀರೆ ಉಟ್ಟ ಹೆಂಗಸರಿಗೂ ಕಷ್ಟ. ಕೆಸರು ಕಾಲಾದರೆ ಗಂಡಸರೂ ಜಾರುತ್ತಾರೆ.

ಗಾಡಿ ಎತ್ತರ ಇರುವುದಕ್ಕೆ ಕಾರಣ ಉಂಟು. ಪಿಕಪ್ಪಿನ ಅಡಿಯಲ್ಲಿ ಏಣಿಯ ಹಾಗೆ ಎರಡು ಉದ್ದ ಕಬ್ಬಿಣದ ಚಾಸಿ, ಅದರ ಮೇಲೆ ಕ್ಯಾಬಿನ್ ಕೂತಿದೆ. ಭಾರ ಹೊರಲಿಕ್ಕೆ, ಗುಂಡಿ ದಾಟಲಿಕ್ಕೆ ಆ ಎತ್ತರ ಬೇಕೇ ಬೇಕು. ಹಾಗಾಗಿ ಗಾಡಿ ತಗ್ಗಿಸುವ ಮಾತಿಲ್ಲ, ಮೆಟ್ಟಿಲು ಹಾಕಿಸುವುದೇ ದಾರಿ. ಇದು ಹೊಸ ಉಪಾಯವೂ ಅಲ್ಲ. 1908ರಲ್ಲಿ ಬಂದ ಫೋರ್ಡಿನ ಮಾಡೆಲ್ ಟಿ ಕಾರಿಗೂ ಎರಡು ಬದಿಯಲ್ಲಿ ಉದ್ದದ ಫುಟ್‌ಬೋರ್ಡ್ ಇತ್ತು.

ಉದ್ದವೋ, ಗಿಡ್ಡವೋ?

ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಉದ್ದದ್ದು. ಮುಂದಿನ ಚಕ್ರದಿಂದ ಬಾಗಿಲು ದಾಟಿ ಹಿಂದಕ್ಕೂ ಹೋಗುತ್ತದೆ. ಹೊಳೆಯುವ ದುಂಡು ಪೈಪ್, ಅಲ್ಯೂಮಿನಿಯಂ ಹಲಗೆ, ಹೀಗೆ ನಾಲ್ಕಾರು ಬಗೆ. ನೋಡಲಿಕ್ಕೆ ಚಂದ.

ನಮ್ಮ ಹತ್ತಿರದ ಕೃಷಿಕರೊಬ್ಬರು ಅಂಥದ್ದೇ ಹಾಕಿಸಿದ್ದರು. ಎರಡು ಮಳೆಗಾಲದ ಹಿಂದೆ ನೇಜಿ ನೆಟ್ಟು ಬರುವಾಗ ಕೆಲಸದ ಹುಡುಗನೊಬ್ಬ ಅದರ ಮೇಲೆ ನಿಂತು, ಕ್ಯಾಬಿನಿನ ಹಿಂದಿನ ಸರಳು ಹಿಡಿದು ಬಂದ. ಸಪೂರ ಮಾರ್ಗ, ಬದಿಯಲ್ಲಿ ಮುರಕಲ್ಲಿನ ಪಾಗಾರ. ಎದುರಿನಿಂದ ಬಂದ ಗಾಡಿಗೆ ಜಾಗ ಬಿಡಲು ಪಿಕಪ್ ಬದಿಗೆ ಸರಿಯಿತು. ಹುಡುಗನ ಕಾಲು ಮೆಟ್ಟಿಲಿಗೂ ಪಾಗಾರಕ್ಕೂ ನಡುವೆ ಸಿಕ್ಕಿತು. ಎರಡು ಕಡೆ ಮೂಳೆ ಮುರಿದು ಆ ಮಳೆಗಾಲವಿಡೀ ಅವನು ಮನೆಯಲ್ಲೇ. ದಿನಗೂಲಿಯ ಮನೆ, ಒಲೆ ಹೇಗೆ ಉರಿದೀತು ನೀವೇ ಯೋಚಿಸಿ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಕಾಲಿಡಲು ಜಾಗ ಕಂಡರೆ ಮನುಷ್ಯ ಕಾಲಿಡುತ್ತಾನೆ. ಆದ್ದರಿಂದ ನಾನು ಮೆಟ್ಟಿಲನ್ನೇ ಗಿಡ್ಡ ಮಾಡಿಸಿದೆ. ಬಾಗಿಲಿನ ಅಡಿಗೆ ಮಾತ್ರ, 30 ಇಂಚು ಉದ್ದ. ಬಾಗಿಲು ಹಾಕಿದ ಮೇಲೆ ಅಲ್ಲಿ ನಿಲ್ಲಲು ಹಿಡಿತ ಸಿಗುವುದಿಲ್ಲ. ಹಿಂದೆ ಸಾಮಾನು ಹಾಕುವ ಕಡೆಗೆ ಮಡಚುವ ಒಂದು ಮೆಟ್ಟಿಲು ಬೇರೆಯೇ ಉಂಟು. ಟರ್ಪಾಲು ಹೊದೆಸಿ ಬಳ್ಳಿ ಕಟ್ಟಿ ಆದಮೇಲೆ ಅದನ್ನು ಮಡಚಿ ಪಿನ್ ಹಾಕುತ್ತೇನೆ. ಅದು ನಂಬರ್ ಪ್ಲೇಟನ್ನೂ ಹಿಂದಿನ ಲೈಟನ್ನೂ ಮರೆಮಾಡದ ಹಾಗೆ ಇರಬೇಕು.

ಕಾನೂನು ಏನು ಹೇಳುತ್ತದೆ?

ಏಳನೇ ಕ್ಲಾಸಿನ ನನಗೆ ಕಾನೂನು ಪುಸ್ತಕ ಅಷ್ಟು ಸುಲಭವಲ್ಲ. ಪರಿಚಯದ ವಕೀಲರು ಓದಿ ಅರ್ಥ ಹೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 123ನೇ ಸೆಕ್ಷನ್ ಇದೇ ವಿಷಯದ್ದು. ಫುಟ್‌ಬೋರ್ಡಿನಲ್ಲಿ ಜನರನ್ನು ನಿಲ್ಲಿಸಿ ಗಾಡಿ ಓಡಿಸುವುದೂ ತಪ್ಪು, ನಿಂತು ಹೋಗುವುದೂ ತಪ್ಪು.

ಅದೇ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಬದಲಾವಣೆಗೆ ಸಂಬಂಧಿಸಿದ್ದು. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂಥ ಬದಲಾವಣೆ ಮಾಡಬಾರದು. ಮುಂದೆ ಕಟ್ಟುವ ಕಬ್ಬಿಣದ ಗಾರ್ಡು ಈ ಸೆಕ್ಷನ್ನಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಮಂತ್ರಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿತ್ತು. ಆದ್ದರಿಂದ ಮೆಟ್ಟಿಲು ಗಾಡಿಯ ಅಗಲದಿಂದ ಹೊರಗೆ ಚಾಚಬಾರದು, ಬೋಲ್ಟ್ ಬಿಚ್ಚಿದರೆ ಪೂರ್ತಿ ಕಳಚಿ ಬರಬೇಕು. ಕಂಪನಿಯದ್ದೇ ಮೆಟ್ಟಿಲು ಸಿಗುವುದಾದರೆ ಅದನ್ನೇ ತೆಗೆದು ಬಿಲ್ಲು ಇಟ್ಟುಕೊಳ್ಳಿ. ಲೋಕಲ್ಲಾಗಿ ಮಾಡಿಸುವುದಿದ್ದರೆ ಮೊದಲು ಆರ್‌ಟಿಒ ಆಫೀಸಿನಲ್ಲಿ ಕೇಳಿ. ಸರಕಿನ ಗಾಡಿಗೆ 8 ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್‌ಸಿ ಆಗಬೇಕು. ಆಗ ತಕರಾರು ಬರುವುದಕ್ಕಿಂತ ಮೊದಲೇ ಕೇಳುವುದು ಲೇಸು.

ವಿಮೆಯ ವಿಷಯವನ್ನೂ ತಿಳಿದಿರಬೇಕು. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ಪೆಟ್ಟಾದರೆ ವಿಮಾ ಕಂಪನಿ ಹೊಣೆಯಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಸರಕಿನ ಯಜಮಾನ ಅಥವಾ ಅವನು ಕಳಿಸಿದ ಜನಕ್ಕೆ 1994ರ ತಿದ್ದುಪಡಿಯಿಂದ ರಕ್ಷಣೆ ಉಂಟು. ಉಳಿದವರಿಗೆ ಏನಾದರೂ ಆದರೆ ಹೊರೆ ನಮ್ಮ ತಲೆಗೇ ಬರುವ ಸಂಭವವೇ ಹೆಚ್ಚು. ಸಣ್ಣ ಕೃಷಿಕನಿಗೆ ಇದು ಜಾಗ ಮಾರುವ ಮಾತು.

ಮಾಡಿಸಿದ ಕ್ರಮ

ಮೆಟ್ಟಿಲಿನ ಎತ್ತರ ನೆಲದಿಂದ 14 ಇಂಚು. ಅಲ್ಲಿಂದ ಹೊಸ್ತಿಲಿಗೆ ಇನ್ನು 12 ಇಂಚು. ಅದಕ್ಕಿಂತ ತಗ್ಗಿಸಿದರೆ ಹತ್ತುವುದು ಸುಲಭ ಹೌದು, ಆದರೆ ನಮ್ಮ ಗುಡ್ಡೆದಾರಿಯ ಮುರಕಲ್ಲಿನ ಉಬ್ಬು ದಾಟುವಾಗ ಗಾಡಿಯ ನಡು ಭಾಗವೇ ಮೊದಲು ತಾಗುವುದು. ಅಗಲ 6 ಇಂಚು ಇಟ್ಟೆ. ಪಾದ ಚೆನ್ನಾಗಿ ಊರಲಿಕ್ಕೆ ಅಷ್ಟು ಬೇಕು.

ಮೇಲೆ ಹಾಕಿದ್ದು ಜಾಲರಿ ಶೀಟು. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ. ದುಂಡು ಪೈಪಿನ ಮೇಲೆ ಕೆಸರು ಚಪ್ಪಲಿ ನಿಲ್ಲುವುದಿಲ್ಲ. ಜಾಲರಿಯಾದರೆ ಕೆಸರೂ ನೀರೂ ಕೆಳಗೆ ಬೀಳುತ್ತದೆ. ನಾಲ್ಕು ಮೂಲೆಯನ್ನೂ ದುಂಡಗೆ ಉಜ್ಜಿಸಿದೆ. ಸಪೂರ ಮಾರ್ಗದಲ್ಲಿ ಸ್ಕೂಟರಿನವರೂ ಶಾಲೆಮಕ್ಕಳೂ ಗಾಡಿಗೆ ತಾಗಿಯೇ ಹೋಗುವುದಲ್ಲವೇ?

ಮುಖ್ಯ ವಿಷಯ ಹಿಡಿತದ್ದು. ಮೆಟ್ಟಿಲನ್ನು ಬಾಗಿಲಿನ ಅಡಿಯ ತೆಳು ತಗಡಿಗೆ ಕೂರಿಸಬಾರದು, ಚಾಸಿಗೇ ಕೂರಿಸಬೇಕು. ಚಾಸಿಯಿಂದ ಮೆಟ್ಟಿಲಿನ ಹೊರ ಅಂಚಿಗೆ ಒಂದೂಕಾಲು ಅಡಿಯ ಮೇಲಾಗುತ್ತದೆ. ಹಾರೆ ಉದ್ದವಾದಷ್ಟೂ ಕಲ್ಲು ಸುಲಭದಲ್ಲಿ ಏಳುತ್ತದೆ. ಅದೇ ಬಲ ಇಲ್ಲಿ ಬೋಲ್ಟನ್ನು ಕೀಳಲು ನೋಡುತ್ತದೆ. ಅದಕ್ಕೆ ಪ್ರತಿ ಮೆಟ್ಟಿಲಿಗೆ ಎರಡು ತೋಳು, ಪ್ರತಿ ತೋಳಿಗೆ ಕೆಳಗಿನಿಂದ ಓರೆಯಾಗಿ ಒಂದು ಆಧಾರ ಕೊಡಿಸಿದೆ.

ಚಾಸಿಗೆ ಹೊಸ ತೂತು ಕೊರೆಯಬಾರದು, ವೆಲ್ಡಿಂಗ್ ಮಾಡಬಾರದು. ಭಾರ ಹೊರುವ ಕಬ್ಬಿಣ ಅಲ್ಲಿಂದಲೇ ಬಿರುಕು ಬಿಡುತ್ತದೆ. ಕಂಪನಿ ಬಿಟ್ಟ ಖಾಲಿ ತೂತುಗಳೇ ಸಾಕಷ್ಟು ಇರುತ್ತವೆ. ಚಾಸಿಯ ಒಳಬದಿಯಲ್ಲಿ ಬ್ರೇಕ್ ಪೈಪ್, ಡೀಸೆಲ್ ಪೈಪ್, ವಯರು ಹೋಗಿರುತ್ತದೆ. ಬೋಲ್ಟಾಗಲಿ ತೋಳಾಗಲಿ ಅದಕ್ಕೆ ಒತ್ತಬಾರದು. ವೆಲ್ಡಿಂಗನ್ನೆಲ್ಲ ಗಾಡಿಯಿಂದ ದೂರ, ನೆಲದ ಮೇಲೆ ಮುಗಿಸಿ ಕಡೆಗೆ ಜೋಡಿಸುವುದು ಕ್ರಮ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ಸಾಮಾನು ಜಾಸ್ತಿ. ವೆಲ್ಡಿಂಗ್ ಕರೆಂಟು ತಾಗಿದರೆ ಸುಟ್ಟೀತು.

ಬೋಲ್ಟಿನ ತಲೆಯಲ್ಲಿ 8.8 ಅಂತ ಅಂಕೆ ಇರುವುದನ್ನೇ ಕೇಳಿ ತನ್ನಿ, ಅದು ಗಟ್ಟಿ ಜಾತಿ. ನಟ್ಟು ನೈಲಾನ್ ಬಳೆ ಇರುವಂಥದ್ದು, ಅದುರಿದರೂ ಸಡಿಲಾಗುವುದಿಲ್ಲ. ಜಾಕ್ ಇಡುವ ಜಾಗ ಖಾಲಿ ಇರಲಿ. ಇಲ್ಲದಿದ್ದರೆ ಟಯರು ಪಂಕ್ಚರಾದ ದಿನ ಮಾರ್ಗದಲ್ಲೇ ಮೆಟ್ಟಿಲು ಬಿಚ್ಚಬೇಕಾದೀತು.

ಕಬ್ಬಿಣ, ಬೋಲ್ಟು, ಮಜೂರಿ, ಪೇಂಟು ಎಲ್ಲ ಸೇರಿ ನನಗೆ 4,200 ರೂಪಾಯಿ ಬಿತ್ತು. ಅರ್ಧ ದಿನದ ಕೆಲಸ.

ಮತ್ತಿನ ಆರೈಕೆ

ಒಂದು ವಾರ ಓಡಿಸಿದ ಮೇಲೆ ಎಲ್ಲ ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪು ಉಂಟು, ತುಕ್ಕು ಬೇಗ ಹಿಡಿಯುತ್ತದೆ. ರೆಡ್ ಆಕ್ಸೈಡ್ ಎರಡು ಸಲ ಬಳಿದು, ಒಣಗಿದ ಮೇಲೆ ಪೇಂಟು ಹೊಡೆಸಿದ್ದೇನೆ. ಪ್ರತಿ ವರ್ಷ ಪತ್ತನಾಜೆಗೆ ಮೊದಲು ಉಜ್ಜಿ ಪೇಂಟು ಮಾಡುವುದು ಅಂತ ಇಟ್ಟುಕೊಂಡಿದ್ದೇನೆ. ಅಲ್ಯೂಮಿನಿಯಂ ಮೆಟ್ಟಿಲು ಹಾಕುವವರು ಕಬ್ಬಿಣ ತಾಗುವಲ್ಲಿ ರಬ್ಬರ್ ವಾಷರ್ ಕೊಡಿ. ಎರಡು ಲೋಹ ಒದ್ದೆಯಲ್ಲಿ ತಾಗಿದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಗೊಬ್ಬರ ಸಾಗಿಸಿದ ದಿನ ಮೆಟ್ಟಿಲಿಗೂ ನಾಲ್ಕು ಕೊಡ ನೀರು ಹಾಕಿ ತೊಳೆದರೆ ಒಳ್ಳೆಯದು.

ಈಗ ತಾಯಿ ಸ್ಟೂಲಿಲ್ಲದೆ, ಒಂದು ಕೈ ಹಿಡಿದರೆ ಸಾಕು, ಹತ್ತುತ್ತಾರೆ. ಕೆಲಸದವರನ್ನು ಕರೆತರಲು ರಿಕ್ಷಾ ಹೇಳುತ್ತೇನೆ. ಆ ಬಾಡಿಗೆ ನೂರಿನ್ನೂರು ರೂಪಾಯಿ ಹೆಚ್ಚಿನ ಖರ್ಚೇ ಸರಿ. ಮುರಿದ ಕಾಲಿನ ಲೆಕ್ಕ ನೋಡಿದರೆ ಅದೇನೂ ದುಬಾರಿಯಲ್ಲ. ಮೆಟ್ಟಿಲು ಮಾಡಿಸುವವರು ವೆಲ್ಡರನ ಹತ್ತಿರ ಮೊದಲು ಹೇಳಬೇಕಾದ್ದು ಬಾಗಿಲಿನ ಅಳತೆ. ಅದಕ್ಕಿಂತ ಒಂದಿಂಚೂ ಉದ್ದ ಬೇಡ.