ಆಫೀಸ್ ಮೇಲ್ ಥಂಡರ್‌ಬರ್ಡ್‌ಗೆ ಏಕೆ ಬರುತ್ತಿಲ್ಲ?

ಪ್ರಶ್ನೆ: ನಮ್ಮ ಆಫೀಸಿನ ಮೇಲ್ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಲ್ಲಿದೆ. ಯೂಸರ್‌ನೇಮ್, ಪಾಸ್‌ವರ್ಡ್ ಸರಿಯಿದ್ದರೂ ನನ್ನ ಲಿನಕ್ಸ್ ಕಂಪ್ಯೂಟರಿನ ಥಂಡರ್‌ಬರ್ಡ್‌ಗೆ ಅದು ಬರುತ್ತಿಲ್ಲ. ಏಕೆ?

ಉತ್ತರ: ಎರಡೂ ಕಡೆಯವರು ಆಡುವ ಭಾಷೆ ಬೇರೆ, ಅದಕ್ಕೇ ಈ ತೊಡಕು. ಥಂಡರ್‌ಬರ್ಡ್ ಮೊದಲಿನಿಂದಲೂ ಐಮ್ಯಾಪ್ ಎಂಬ ಮುಕ್ತ ಭಾಷೆಯನ್ನು ನಂಬಿಕೊಂಡು ಬಂದಿದೆ. ಎಕ್ಸ್‌ಚೇಂಜ್ ಮತ್ತು ಮೈಕ್ರೋಸಾಫ್ಟ್‌ನದೇ ಮೇಲ್ ತಂತ್ರಾಂಶ ಔಟ್‌ಲುಕ್ ತಮ್ಮೊಳಗೆ ಮಾತಾಡುವುದು ಮ್ಯಾಪಿ ಎಂಬ ಭಾಷೆಯಲ್ಲಿ. ಎಕ್ಸ್‌ಚೇಂಜ್‌ಗೆ ಐಮ್ಯಾಪ್ ಕೂಡ ಬರುತ್ತದೆ. ಆದರೆ ಎಷ್ಟೋ ಕಂಪನಿಗಳು ಭದ್ರತೆಯ ಕಾರಣಕ್ಕೆ ಆ ಬಾಗಿಲು ಮುಚ್ಚಿರುತ್ತವೆ.

ಇದಕ್ಕೆ ದಾರಿಗಳಿವೆ. ಎಕ್ಸ್‌ಚೇಂಜ್ 2007ರಲ್ಲಿ ಇಡಬ್ಲ್ಯುಎಸ್ ಎಂಬ ಇನ್ನೊಂದು ಸಂಪರ್ಕ ವಿಧಾನ ಬಂತು. ಲಿನಕ್ಸ್‌ನ ಎವಲ್ಯೂಷನ್ ಎಂಬ ಮೇಲ್ ತಂತ್ರಾಂಶ ಒಂದು ಪ್ಲಗಿನ್ ಮೂಲಕ ಅದನ್ನು ಬಳಸುತ್ತದೆ. ಥಂಡರ್‌ಬರ್ಡ್ 2025ರಲ್ಲಿ ಬಂದ 145ನೇ ಆವೃತ್ತಿಯಿಂದ ನೇರವಾಗಿಯೇ ಬಳಸುತ್ತದೆ. ಹಳೆಯ ಆವೃತ್ತಿಯವರಿಗೆ ಡೇವ್‌ಮೇಲ್ ಇದೆ. ಅದು ನಿಮ್ಮ ಕಂಪ್ಯೂಟರಿನೊಳಗೇ ಕುಳಿತ ದುಭಾಷಿ: 1143ನೇ ಪೋರ್ಟಿನಲ್ಲಿ ಥಂಡರ್‌ಬರ್ಡ್ ಐಮ್ಯಾಪ್‌ನಲ್ಲಿ ಕೇಳಿದ್ದನ್ನು ಸರ್ವರ್‌ಗೆ ಅರ್ಥವಾಗುವಂತೆ ದಾಟಿಸಿ, ಉತ್ತರ ತಂದುಕೊಡುತ್ತದೆ.

ಆನ್‌ಲೈನ್ ಎಕ್ಸ್‌ಚೇಂಜ್ ಆದರೆ ಬರೀ ಪಾಸ್‌ವರ್ಡ್ ಸಾಲದು. ಸೆಟ್ಟಿಂಗ್ಸ್‌ನಲ್ಲಿ ಓಆತ್2 ಎಂಬ ಲಾಗಿನ್ ವಿಧಾನ ಆರಿಸಿ. ಕಂಪನಿಯ ಐಟಿ ವಿಭಾಗದ ಒಪ್ಪಿಗೆಯೂ ಬೇಕಾಗಬಹುದು. ಹಿಂಜರಿಯದೆ ಕೇಳಿ. ತನಗೆ ಒಗ್ಗುವ ಸಾಧನದಲ್ಲಿ ಕೆಲಸ ಮಾಡಬೇಕೆಂಬ ಆಸೆ ನ್ಯಾಯವಾದದ್ದೇ.