ಮರದ ಡಿಪೋದಿಂದ ರೇಸಿನ ಪಟ್ಟಕ್ಕೆ

ಮರ ಕೊಯ್ಯುವವನಿಗೂ ರೇಸು ಕಾರಿಗೂ ಏನ್ರೀ ಸಂಬಂಧ ಅಂತೀರಾ? ಇಂಗ್ಲೆಂಡಿನ ಸರ್ರೆ ಪ್ರಾಂತದ ಆಕಮ್ ಹಳ್ಳಿಯಲ್ಲಿ ಕೆನ್ ಟಿರೆಲ್ ಅಂತ ಒಬ್ಬ ಆಸಾಮಿ ಇದ್ದ. ಕಸುಬು ಮರದ ವ್ಯಾಪಾರ, ಹುಚ್ಚು ಕಾರಿನದು. 1950ರ ದಶಕದಲ್ಲಿ ತಾನೇ ಸ್ಟೀರಿಂಗ್ ಹಿಡಿದು ನೋಡಿದ. ದೊಡ್ಡ ಚಾಲಕನಾಗುವ ಯೋಗ ತನಗಿಲ್ಲ ಅನ್ನೋದು ಗೊತ್ತಾಯ್ತು. ಎಷ್ಟು ಜನಕ್ಕೆ ಅದು ಗೊತ್ತಾಗುತ್ತೆ? ಓಡಿಸೋದು ಬಿಟ್ಟು, ಓಡಿಸುವವರನ್ನು ಹುಡುಕಲು ಹೊರಟ.

1964ರಲ್ಲಿ ಗುಡ್‌ವುಡ್ ಟ್ರ್ಯಾಕಿಗೆ ಸ್ಕಾಟ್ಲೆಂಡಿನ ಜಾಕಿ ಸ್ಟೀವರ್ಟ್ ಎಂಬ ಹುಡುಗನನ್ನು ಕರೆಸಿ ಕಾರು ಕೊಟ್ಟ. ಆಗಲೇ ಹೆಸರು ಮಾಡಿದ್ದ ಬ್ರೂಸ್ ಮೆಕ್‌ಲಾರೆನ್ ಅದೇ ಕಾರಿನಲ್ಲಿ ಓಡಿಸಿದ್ದಕ್ಕಿಂತ ಹುಡುಗ ಜೋರಾಗಿ ಓಡಿಸಿಬಿಟ್ಟ! ಜೋಡಿ ಕೂಡಿತು.

1969ರಲ್ಲಿ ಫ್ರಾನ್ಸಿನ ಮಾತ್ರಾ ಕಂಪನಿಯ ಕಾರಿನಲ್ಲಿ ಸ್ಟೀವರ್ಟ್‌ಗೆ ಫಾರ್ಮುಲಾ ಒನ್ ವಿಶ್ವಪಟ್ಟ. ಬೆನ್ನಲ್ಲೇ ತಕರಾರು. ತಮ್ಮದೇ ಇಂಜಿನ್ ಹಾಕಬೇಕೆಂದು ಮಾತ್ರಾದವರ ಹಟ. ಗೆದ್ದ ಫೋರ್ಡ್ ಇಂಜಿನ್ ಬಿಡಲು ಟಿರೆಲ್ ತಯಾರಿಲ್ಲ. ಡೆರೆಕ್ ಗಾರ್ಡನರ್ ಎಂಬ ಇಂಜಿನಿಯರನ್ನು ಹಿಡಿದು 1970ರಲ್ಲಿ ಗುಟ್ಟಾಗಿ ಸ್ವಂತ ಕಾರನ್ನೇ ಕಟ್ಟಿಸಿದ. ಡಿಪೋದ ಶೆಡ್ಡೇ ತಂಡದ ಕಾರ್ಖಾನೆ! 1971ರಲ್ಲಿ ಚಾಲಕನ ಪಟ್ಟ, ಕಾರು ತಯಾರಕರ ಪಟ್ಟ ಎರಡೂ ಆ ಅಂಗಳಕ್ಕೇ ಬಂದವು.

ಆದರೆ ಮ್ಯಾನೇಜರ್ ಏನೆಂಬುದು ತಿಳಿದದ್ದು 1973ರಲ್ಲಿ. ವರ್ಷದ ಕೊನೆಗೆ ನಿವೃತ್ತನಾಗ್ತೀನಿ ಅಂತ ಸ್ಟೀವರ್ಟ್ ಏಪ್ರಿಲ್‌ನಲ್ಲೇ ಟಿರೆಲ್‌ನ ಕಿವಿಗೆ ಹಾಕಿದ್ದ. ಹೆಂಡತಿಗೂ ಹೇಳಿರಲಿಲ್ಲ. ಮುಂದಿನ ವರ್ಷ ತಂಡದ ಮೊದಲ ಚಾಲಕನಾಗಬೇಕಿದ್ದವನು ಫ್ರಾನ್ಸಿನ ಫ್ರಾಂಸ್ವಾ ಸೆವೆರ್. ಅಕ್ಟೋಬರ್ 7, ಅಮೆರಿಕದ ವಾಟ್ಕಿನ್ಸ್ ಗ್ಲೆನ್, ವರ್ಷದ ಕೊನೆಯ ರೇಸು. ಹಿಂದಿನ ದಿನದ ಓಟದಲ್ಲೇ ಸೆವೆರ್‌ನ ಕಾರು ತಡೆಬೇಲಿಗೆ ಬಡಿಯಿತು. ಹುಡುಗ ಸ್ಥಳದಲ್ಲೇ ಹೋದ. 29 ವರ್ಷ.

ಸ್ಟೀವರ್ಟ್‌ನ ಮೂರನೇ ಪಟ್ಟವೇನೋ ಮೊದಲೇ ಖಾತ್ರಿಯಾಗಿತ್ತು. ತಯಾರಕರ ಪಟ್ಟಕ್ಕೆ ಲೋಟಸ್ ಜೊತೆ ಪೈಪೋಟಿ ಇನ್ನೂ ಇತ್ತು. ಮಾರನೇ ದಿನ ಓಡಿಸಿದ್ದರೆ ಅದು ಸ್ಟೀವರ್ಟ್‌ನ ನೂರನೇ ರೇಸು. ಟಿರೆಲ್ ಇಡೀ ತಂಡವನ್ನು ವಾಪಸು ತೆಗೆದ. ಪಟ್ಟ ಲೋಟಸ್‌ಗೆ ಹೋಯಿತು. ಹೋಗಲಿ ಅಂದವನಿಗೆ ಹೋಯಿತು.

ಆಮೇಲೂ ಸುಮ್ಮನಿರಲಿಲ್ಲ. ಆರು ಚಕ್ರದ ಕಾರು ಮಾಡಿಸಿ 1976ರಲ್ಲಿ ಸ್ವೀಡನ್‌ನಲ್ಲಿ ಮೊದಲೆರಡೂ ಸ್ಥಾನ ಹೊಡೆದ. ಆಟಕ್ಕೆ ಕೋಟಿಗಟ್ಟಲೆ ಹಣ ಹರಿದುಬಂದಾಗ ಡಿಪೋ ಸಾಹುಕಾರನ ಕೈ ಸೋತಿತು. 1983ರ ಡೆಟ್ರಾಯಿಟ್ ಗೆಲುವೇ ಕೊನೆ. 1997ರಲ್ಲಿ ತಂಡವನ್ನು ಸಿಗರೇಟು ಕಂಪನಿಗೆ ಮಾರಿದ. ಚಾಲಕನ ಆಯ್ಕೆಯಲ್ಲಿ ಹೊಸ ಯಜಮಾನರ ಜೊತೆ ಮಾತು ಹೊಂದದೆ 1998ರ ರೇಸುಗಳು ಶುರುವಾಗುವ ಮೊದಲೇ ಎದ್ದು ನಡೆದ. ತೀರಿಕೊಂಡದ್ದು 2001ರಲ್ಲಿ. ಅವನು ಮಾರಿದ ತಂಡವೇ ಕೈಯಿಂದ ಕೈಗೆ ಹೋಗಿ ಈಗಿನ ಮರ್ಸಿಡಿಸ್ ಆಗಿದೆ.

ಆಕಮ್‌ನ ಆ ಮರದ ಶೆಡ್ಡನ್ನು ಬಿಚ್ಚಿ ಗುಡ್‌ವುಡ್‌ನಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಹುಡುಗ ಜಾಕಿಗೆ ಕಾರು ಕೊಟ್ಟ ಅದೇ ಗುಡ್‌ವುಡ್.